ಎಮ್ಮಿಗನೂರಿನ ಹುಡುಗಿಗೆ ಝೂಮ್ ಸಾಲದು

2024ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶದ ಇಂಟರ್ಮೀಡಿಯೆಟ್ ಮೊದಲ ವರ್ಷದ ಫಲಿತಾಂಶ ಬಂದಾಗ, ಕರ್ನೂಲು ಜಿಲ್ಲೆಯ ಪಶ್ಚಿಮದ ಹಳ್ಳಿಯೊಂದರ ಹುಡುಗಿ ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾದಳು. 440ಕ್ಕೆ 421 ಅಂಕ. ಅಂಕಕ್ಕಿಂತ ದೊಡ್ಡ ಸುದ್ದಿ ಅದರ ಹಿಂದೆ ಇತ್ತು. ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಮನೆಯವರು ಅವಳ ಮದುವೆಗೆ ಹೊರಟಿದ್ದರು. ಅಕ್ಕಂದಿರ ಮದುವೆ ಮುಗಿದಿತ್ತು, ಇವಳನ್ನು ಓದಿಸಲು ಕೈಯಲ್ಲಿ ಕಾಸಿರಲಿಲ್ಲ. ಮನೆಮನೆ ಸುತ್ತುತ್ತ ಬಂದ ಶಾಸಕರ ಮುಂದೆ ಹುಡುಗಿ ನಿಂತು, ತಾನು ಓದಬೇಕು ಎಂದಳು. ಮಾತು ಕಲೆಕ್ಟರ್‌ವರೆಗೆ ಹೋಯಿತು. ಆಸ್ಪರಿಯ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತು.

ಈ ಹುಡುಗಿಗೆ ನಾಯಕತ್ವ ಕಲಿಸಿದವರು ಯಾರೂ ಇಲ್ಲ. ಹೆತ್ತವರ ಇಷ್ಟಕ್ಕೆ ಎದುರಾಗಿ, ಊರಿನ ದೊಡ್ಡವರ ನಡುವೆ, ಅಧಿಕಾರದಲ್ಲಿದ್ದವರ ಮುಖ ನೋಡಿ ತನ್ನ ಮಾತು ಹೇಳುವ ಎದೆಗಾರಿಕೆ ಅವಳಲ್ಲಿ ಮೊದಲೇ ಇತ್ತು. ಇಲ್ಲದಿದ್ದದ್ದು ಮಲಗಲು ಒಂದು ಮಂಚ, ಹೊತ್ತಿಗೆ ಊಟ, ಗೇಟು ಕಾಯುವ ಒಬ್ಬರು, ಪುಸ್ತಕ ಕೊಡುವ ಟೀಚರ್. ಅಷ್ಟು ಸಿಕ್ಕ ಕೂಡಲೇ ಉಳಿದದ್ದನ್ನು ಅವಳೇ ಮಾಡಿ ತೋರಿಸಿದಳು.

ಮಾನವ ಹಕ್ಕು, ಲಿಂಗ ನ್ಯಾಯ ಎಂದು ಮಾತಾಡುವ ನಗರದ ಸಂಸ್ಥೆಗಳಲ್ಲಿ ಈಗ ಬೇರೂರಿರುವ ನಂಬಿಕೆ ಇದಕ್ಕೆ ತದ್ವಿರುದ್ಧ. ಹಿಂದುಳಿದ ಸೀಮೆಯ ಯುವಜನರಿಗೆ ಕೊರತೆಯಿರುವುದು ನಾಯಕತ್ವದ ಗುಣದ್ದು, ಆ ಗುಣವನ್ನು ಇಂಟರ್ನೆಟ್ ಮೂಲಕ ಕಲಿಸಬಹುದು, ಕಲಿತವರು ಊರಿಗೆ ಬೆಳಕು ತರುತ್ತಾರೆ ಎಂದು ಅವು ನಂಬುತ್ತವೆ. ಅದಕ್ಕೆಂದೇ ಆನ್‌ಲೈನ್ ಫೆಲೋಶಿಪ್‌ಗಳು ಹುಟ್ಟಿವೆ. ಹೆಚ್ಚಿನವುಗಳ ಮಾದರಿ ಒಂದೇ: ಇಂಗ್ಲಿಷಿನ ಅರ್ಜಿ, ಅದರಲ್ಲಿ ‘ನಿಮ್ಮ ಬದುಕಿನ ಕಥೆ’ ಬರೆಯಲು ಒಂದು ಚೌಕ, ಮೂರೋ ಆರೋ ತಿಂಗಳು ವಾರವಾರ ಸಂಜೆ ಝೂಮ್ ತರಗತಿ, ಕೊನೆಗೆ ಪ್ರಮಾಣಪತ್ರ. ಇವನ್ನು ನಡೆಸುವವರಲ್ಲಿ ಬಹಳಷ್ಟು ಮಂದಿ ಪ್ರಾಮಾಣಿಕರು. ಅವರ ಶ್ರದ್ಧೆಯ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರಿರುವುದು ಆ ನಂಬಿಕೆಯ ಮೇಲೆ. ಅದು ತಪ್ಪು, ಮತ್ತು ಇದೇ ಪಶ್ಚಿಮ ಕರ್ನೂಲಿನ ಎಮ್ಮಿಗನೂರಿನಂಥ ಊರಿಗೆ ಅದರಿಂದ ನಷ್ಟವೇ ಆಗುತ್ತಿದೆ.

ಇಂಟರ್ನೆಟ್ ಎಲ್ಲರನ್ನೂ ಸಮ ಮಾಡಿದೆ ಎಂಬ ಮಾತನ್ನೇ ಮೊದಲು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ 21. ಗಂಡಸರು 48.8. ತಾನೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ಅರ್ಧಕ್ಕಿಂತ ಕಡಿಮೆ, 48.9. ಇದು ವಿಶಾಖಪಟ್ಟಣ, ವಿಜಯವಾಡಗಳನ್ನೂ ಸೇರಿಸಿದ ಲೆಕ್ಕ. ಕರ್ನೂಲು ಜಿಲ್ಲೆಯ ಹೆಂಗಸರ ಸಾಕ್ಷರತೆ 2011ರ ಜನಗಣತಿಯಲ್ಲಿ ನೂರಕ್ಕೆ 50ನ್ನೂ ಮುಟ್ಟಿರಲಿಲ್ಲ. ಜಿಲ್ಲೆಯ ಪಶ್ಚಿಮದ ಕೋಸಿಗಿ, ಕೌತಾಳಂ, ಹೊಳಗುಂದದ ಕಡೆ ಪರಿಸ್ಥಿತಿ ಜಿಲ್ಲೆಯ ಸರಾಸರಿಗಿಂತಲೂ ಕೆಳಗೆ ಎಂಬುದು ಆ ಸೀಮೆಯಲ್ಲಿ ಪಾಠ ಹೇಳಿದ ಯಾವ ಮಾಸ್ತರಿಗೂ ಗೊತ್ತು.

ಮನೆಯಲ್ಲಿ ಫೋನು ಇದ್ದರೂ ಅದು ಅಪ್ಪನದು ಅಥವಾ ಅಣ್ಣನದು. ಸಂಜೆ ಏಳು ಗಂಟೆಗೆ ಅದು ಹುಡುಗಿಯ ಕೈಗೆ ಬರುವುದು ಯಾರಾದರೂ ಕೊಟ್ಟರೆ ಮಾತ್ರ. ಕೊಟ್ಟರೂ ಪಕ್ಕದಲ್ಲೇ ಕೂತಿರುತ್ತಾರೆ. ಮನೆಯೊಳಗಿನ ಹೊಡೆತದ ಬಗ್ಗೆ, ಗೊತ್ತಾಗಿರುವ ಮದುವೆಯ ಬಗ್ಗೆ, ಒಂದೇ ಅಂಕಣದ ಮನೆಯಲ್ಲಿ ಕೂತು ಅವಳು ಯಾರಿಗೆ ಏನು ಹೇಳಬಲ್ಲಳು? ಆನ್‌ಲೈನ್ ತರಗತಿ ಎಲ್ಲರಿಗೂ ತೆರೆದ ಬಾಗಿಲು ಎನ್ನುವವರು ಈ ಅಂಕಣವನ್ನು ನೋಡಿಲ್ಲ. ಹೀಗಾಗಿ ಆಯ್ಕೆಯಾಗುವವರು ಬಹುಪಾಲು ತಮ್ಮದೇ ಕೋಣೆ, ತಮ್ಮದೇ ಲ್ಯಾಪ್‌ಟಾಪ್ ಇರುವ, ಇಂಗ್ಲಿಷಿನಲ್ಲಿ ನೋವನ್ನು ಜೋಡಿಸಿ ಬರೆಯಬಲ್ಲ ಮಕ್ಕಳು. ಅವರೂ ಒಳ್ಳೆಯವರೇ. ಆದರೆ ಅವರನ್ನು ಆರಿಸಿ ‘ಅಂಚಿನ ದನಿ’ ಎಂದು ವರದಿ ಬರೆದಾಗ ನಿಜವಾದ ಅಂಚಿನವರ ಜಾಗ ಭರ್ತಿಯಾಗಿ ಹೋಗಿರುತ್ತದೆ.

ಭಾಷೆಯ ಪ್ರಶ್ನೆ ಇನ್ನೂ ಆಳದ್ದು. ಎಮ್ಮಿಗನೂರು ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಆದೋನಿ ತಾಲ್ಲೂಕಿನ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ನಕ್ಷೆಯ ಮೇಲೆ ಬಿತ್ತು, ಮನೆಮಾತಿನ ಮೇಲೆ ಬೀಳಲಿಲ್ಲ. ಇವತ್ತಿಗೂ ಆ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಸರ್ಕಾರಿ ಕನ್ನಡ ಮಾಧ್ಯಮದ ಶಾಲೆಗಳೂ ಅಲ್ಲಿವೆ. ಅಂಥ ಶಾಲೆಯಲ್ಲಿ ಓದಿದ ಹುಡುಗಿಗೆ ರಾಜ್ಯದ ಅರ್ಜಿಗಳು ತೆಲುಗಿನಲ್ಲಿ ಬರುತ್ತವೆ, ಕಾಲೇಜು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅವಳ ಪಾಲಿಗೆ ಫೆಲೋಶಿಪ್ಪಿನ ಇಂಗ್ಲಿಷು ಮೂರನೆಯ ಗೋಡೆ.

‘ತರಗತಿಯನ್ನು ಕನ್ನಡಕ್ಕೆ ತಂದರಾಯಿತಲ್ಲ’ ಎಂಬ ಉತ್ತರ ಸಾಲದು. ಆ ಹುಡುಗಿಯನ್ನು ಕಟ್ಟಿಹಾಕಿರುವ ಮಾತುಗಳು ಮನೆಯವು: “ನಾಲ್ಕು ಮಂದಿ ಏನಂತಾರ”, “ವಯಸ್ಸಿಗೆ ಬಂದ ಹುಡುಗಿನ ಮನ್ಯಾಗ ಇಟ್ಟುಕೊಳ್ಳೋದು ಬೆಂಕಿ ಇಟ್ಟುಕೊಂಡಂಗ”. ಇವುಗಳಿಗೆ ಉತ್ತರ ಕೊಡಬೇಕಾದದ್ದು ಅದೇ ಮಾತಿನಲ್ಲಿ, ಅದೇ ಕಟ್ಟೆಯ ಮೇಲೆ, ಆ ಅಪ್ಪನನ್ನು ‘ಯಣ್ಣಾ’ ಎಂದು ಕರೆಯಬಲ್ಲ ಒಬ್ಬರು. ಸಮ್ಮತಿ, ಸ್ವಾಯತ್ತತೆ, ಪಿತೃಪ್ರಧಾನತೆ ಎಂಬ ಪದಗಳು ಪುಸ್ತಕದಲ್ಲಿ ಸರಿ. ಅವನ್ನು ಕಲಿತು ಬಂದ ಹುಡುಗಿ ಸ್ವಂತ ಅವ್ವನೊಂದಿಗೆ ಮಾತಾಡಲಾಗದೆ ಒಂಟಿಯಾದರೆ ಆ ಕಲಿಕೆ ಯಾರಿಗೆ ಬಂತು?

ಹೆಣ್ಣುಮಗುವಿನ ಮದುವೆ ಆಂಧ್ರಪ್ರದೇಶದಲ್ಲಿ ದೊಡ್ಡ ಸಮಸ್ಯೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 29.3 ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತು. ಕರ್ನಾಟಕದಲ್ಲಿ ಇದು 21.3, ದೇಶದ ಸರಾಸರಿ 23.3. ಪಶ್ಚಿಮ ಕರ್ನೂಲಿನಲ್ಲಿ ಇದರ ಬೇರು ಅರಿವಿನ ಕೊರತೆಯಲ್ಲಿದೆ ಎಂದು ಹೇಳುವವರು ಡಿಸೆಂಬರ್, ಜನವರಿಯಲ್ಲಿ ಕೋಸಿಗಿಗೆ ಬಂದು ನೋಡಬೇಕು. ಮಳೆಯನ್ನೇ ನಂಬಿದ ಹೊಲ ಕೈಕೊಟ್ಟರೆ ಕುಟುಂಬಕ್ಕೆ ಕುಟುಂಬವೇ ಗುಳೆ ಹೊರಡುತ್ತದೆ. ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಹತ್ತಿ ಬಿಡಿಸಲು ತೆಲಂಗಾಣಕ್ಕೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ಮನೆಗೆ ಬೀಗ, ಮುದುಕರು ಮಾತ್ರ ಊರಲ್ಲಿ. ಹದಿನಾಲ್ಕು ಹದಿನೈದರ ಮಗಳನ್ನು ಏನು ಮಾಡುವುದು? ಜೊತೆಗೆ ಕರೆದೊಯ್ದರೆ ಹೊಲದಂಚಿನ ಡೇರೆಯಲ್ಲಿ ರಾತ್ರಿ ಕಳೆಯಬೇಕು. ಬಿಟ್ಟುಹೋದರೆ ಕಾಯುವವರಿಲ್ಲ. ಮದುವೆ ಮಾಡಿಬಿಟ್ಟರೆ ಅವಳು ಇನ್ನೊಬ್ಬರ ಜವಾಬ್ದಾರಿ, ಜೊತೆಗೆ ಗಂಡಹೆಂಡತಿ ಒಂದು ಜೋಡಿ ಕೂಲಿ. ಅಪ್ಪ ಅವ್ವ ಹೀಗೆ ಎಣಿಸುವುದು ಕೆಟ್ಟತನದಿಂದಲ್ಲ, ದಿಗಿಲಿನಿಂದ.

ಈ ದಿಗಿಲಿಗೆ ಮದ್ದು ಗೊತ್ತಿಲ್ಲದ್ದೇನೂ ಅಲ್ಲ. ಗುಳೆ ಹೋದವರ ಮಕ್ಕಳಿಗೆಂದು ಊರಲ್ಲೇ ನಡೆಯುವ ಋತುಮಾನದ ಹಾಸ್ಟೆಲುಗಳು ಕರ್ನೂಲು ಜಿಲ್ಲೆಯಲ್ಲಿ ಬಂದವು. ಕಸ್ತೂರಬಾ ವಿದ್ಯಾಲಯಗಳು 2004ರಲ್ಲಿ ಶುರುವಾದದ್ದೇ ಹೆಣ್ಣುಮಕ್ಕಳ ಓದು ಹಿಂದೆ ಬಿದ್ದ ಇಂಥ ಸೀಮೆಗಳಿಗಾಗಿ. ಆಸ್ಪರಿಯ ಮಂಚ ಬಂದದ್ದೂ ಅಲ್ಲಿಂದಲೇ. ಈ ಹಾಸ್ಟೆಲುಗಳು ಹೊತ್ತಿಗೆ ಸರಿಯಾಗಿ ತೆರೆದವೇ, ಎಷ್ಟು ಮಂಚಗಳಿವೆ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರೆಯೇ ಎಂದು ಕೇಳುವ ಯುವಜನರೇ ಈ ನೆಲದ ಹಕ್ಕಿನ ಹೋರಾಟಗಾರರು. ಗುಳೆಯ ತಿಂಗಳುಗಳಲ್ಲೇ ಬರುವ ಫೆಲೋಶಿಪ್ಪಿಗೆ ಮೆಣಸಿನಕಾಯಿ ಬಿಡಿಸುವ ಹುಡುಗಿ ಅರ್ಜಿ ಹಾಕುವುದಾದರೂ ಹೇಗೆ?

ಕಾನೂನಿನ ವಿಷಯಕ್ಕೆ ಬಂದರೆ, ದೂರದಿಂದ ಕಲಿಸುವುದರ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಎಮ್ಮಿಗನೂರು, ಮಂತ್ರಾಲಯದ ಕಡೆಯ ಮನೆಗಳ ನೆಂಟಸ್ತನ ರಾಯಚೂರು, ಮಾನ್ವಿ, ಸಿರುಗುಪ್ಪಗಳ ತನಕ ಹಬ್ಬಿದೆ. ತುಂಗಭದ್ರೆ ದಾಟಿ ಹೆಣ್ಣು ಕೊಡುತ್ತಾರೆ, ತರುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಎರಡೂ ದಂಡೆಗೆ ಒಂದೇ. ಆದರೆ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಆಂಧ್ರಕ್ಕೆ ಅನ್ವಯಿಸುವ ಮೂಲ ಕಾಯ್ದೆಯಲ್ಲಿ ಆ ಮದುವೆ ತಾನಾಗಿ ಬಿದ್ದುಹೋಗುವುದಿಲ್ಲ. ಮದುವೆಯಾದ ಹುಡುಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಿಕೊಳ್ಳಬೇಕು. ಅದಕ್ಕೂ ಗಡುವಿದೆ, ಪ್ರಾಪ್ತ ವಯಸ್ಸಾದ ಮೇಲೆ ಎರಡು ವರ್ಷ. ಇಪ್ಪತ್ತು ತುಂಬಿತೆಂದರೆ ಆ ದಾರಿ ಮುಚ್ಚಿತು. ಹಂದರ ಯಾವ ದಂಡೆಯಲ್ಲಿ ಹಾಕಿದರು ಎಂಬುದರ ಮೇಲೆ ಒಬ್ಬ ಹುಡುಗಿಯ ಬದುಕಿನ ದಾರಿ ಬೇರೆಯಾಗಬಹುದು. ದೇಶಕ್ಕೆಲ್ಲ ಒಂದೇ ಪಾಠ ಸಿದ್ಧಪಡಿಸಿದವರು ಇದನ್ನು ಎಲ್ಲಿ ಹೇಳುತ್ತಾರೆ? ಇದು ಗೊತ್ತಿರಬೇಕಾದದ್ದು ಆದೋನಿ ಕೋರ್ಟಿನ ವಕೀಲರಿಗೆ, ಮಹಿಳಾ ಪೊಲೀಸರಿಗೆ, ಅಂಗನವಾಡಿ ಟೀಚರಿಗೆ.

ಆನ್‌ಲೈನ್ ಪಕ್ಷದವರ ಅತಿ ಬಲವಾದ ವಾದವನ್ನೂ ಪೂರ್ತಿ ಕೇಳಬೇಕು. ಮನೆ ಬಿಟ್ಟು ಹೊರಡಲಾಗದ ಹುಡುಗಿಗೆ, ಕೈಗೂಸಿನ ತಾಯಿಗೆ, ನಡೆಯಲಾಗದವರಿಗೆ ಆನ್‌ಲೈನ್ ಅಲ್ಲದೆ ಬೇರೆ ದಾರಿ ಎಲ್ಲಿದೆ ಎಂದು ಅವರು ಕೇಳುತ್ತಾರೆ. ಸಣ್ಣ ಊರಿನಲ್ಲಿ ತನ್ನ ಲೈಂಗಿಕತೆಯನ್ನು ಯಾರಿಗೂ ಹೇಳಿಕೊಳ್ಳಲಾಗದೆ ಬೇಯುವ ಹುಡುಗನಿಗೆ ತನ್ನಂಥವರ ಮುಖ ಮೊದಲ ಸಲ ಕಾಣುವುದು ತೆರೆಯ ಮೇಲೇ ಎನ್ನುತ್ತಾರೆ. ಇದು ನಿಜ. ಆ ಸಾಂತ್ವನ ದೊಡ್ಡದು, ಅದನ್ನು ಕಿತ್ತುಕೊಳ್ಳಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಸಾಂತ್ವನವನ್ನು ನಾಯಕತ್ವ ಎಂದು ಕರೆದು, ಅದನ್ನು ನಂಬಿ ಬೀದಿಯಲ್ಲಿ ದನಿ ಎತ್ತು ಎಂದು ಹತ್ತೊಂಬತ್ತರ ಹುಡುಗಿಯನ್ನು ಕಳಿಸುವುದು ಸರಿಯಲ್ಲ. ತರಗತಿ ಮುಗಿದು ತೆರೆ ಕಪ್ಪಾದ ಮೇಲೆ ಅವಳ ಓಣಿಯಲ್ಲಿ ಅವಳ ಜೊತೆ ನಿಲ್ಲುವವರು ಯಾರು?

ರಾಜಸ್ಥಾನದ ಭಟೇರಿಯ ಭಂವರಿ ದೇವಿಯ ಕಥೆಯನ್ನು ಹಕ್ಕುಗಳ ತರಗತಿಯಲ್ಲೆಲ್ಲ ಹೇಳುತ್ತಾರೆ. ಹೇಳುವ ರೀತಿ ಮಾತ್ರ ಅರೆಬರೆ. ಸರ್ಕಾರದ ಮಹಿಳಾ ವಿಕಾಸ ಕಾರ್ಯಕ್ರಮದ ‘ಸಾಥಿನ್’, ಅಂದರೆ ಹಳ್ಳಿಯ ಕಾರ್ಯಕರ್ತೆ, ಆಗಿದ್ದ ಆಕೆ 1992ರಲ್ಲಿ ತನ್ನ ಊರಲ್ಲಿ ಮಗುವಿನ ಮದುವೆ ತಡೆಯಲು ಹೋದಳು. ಅದಕ್ಕೆ ಪ್ರತೀಕಾರವಾಗಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದ ನೋವಿನಿಂದಲೇ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಬಂತು. ದೇಶದ ಕಚೇರಿಗಳ ಹೆಂಗಸರಿಗೆಲ್ಲ ಕಾನೂನು ದಕ್ಕಿತು, ಆಕೆಗೆ ಊರಲ್ಲಿ ರಕ್ಷಣೆ ದಕ್ಕಲಿಲ್ಲ. ಮುಂದೆ ನಿಲ್ಲುವವಳ ಬೆನ್ನಿಗೆ ಗಟ್ಟಿ ಜನ, ವಕೀಲರು, ಆಶ್ರಯ ಇಲ್ಲದೆ ಅವಳನ್ನು ಮುಂದೆ ತಳ್ಳಬಾರದು ಎಂಬುದು ಈ ಪ್ರಕರಣದಿಂದ ಕಲಿಯಬೇಕಾದ ಮೊದಲ ಪಾಠವಾಗಿತ್ತು.

ನೆಲದ ಮೇಲೆ ನಾಯಕಿಯರು ಹೇಗೆ ಹುಟ್ಟಿದರು ಎಂಬುದಕ್ಕೆ ಆಂಧ್ರದ್ದೇ ಉದಾಹರಣೆ ಇದೆ. ತೊಂಬತ್ತರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟೆಯಲ್ಲಿ ರಾತ್ರಿ ಶಾಲೆಗೆ ಬಂದು ಅಕ್ಷರ ಕಲಿಯುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ವರ್ಧಿನೇನಿ ರೋಸಮ್ಮನ ಹೆಸರು ಆಗ ರಾಜ್ಯಕ್ಕೆಲ್ಲ ಗೊತ್ತಾಯಿತು. ಆ ಊರಿನ ಸುದ್ದಿ ಅಕ್ಷರದ ಪುಸ್ತಕದಲ್ಲಿ ಪಾಠವಾಗಿ ಬೇರೆ ಹಳ್ಳಿಗಳಿಗೆ ಹೋಯಿತು, ಅಲ್ಲೂ ಹೆಂಗಸರು ಎದ್ದರು. 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ. ಮುಂದೆ 1997ರಲ್ಲಿ ಸರ್ಕಾರ ಹಿಂದೆ ಸರಿಯಿತು, ಅದು ಬೇರೆ ಮಾತು. ಅಲ್ಲಿ ಯಾರೂ ಒಬ್ಬಳನ್ನು ‘ಯುವ ನಾಯಕಿ’ ಎಂದು ಆರಿಸಿರಲಿಲ್ಲ. ಒಂದೇ ಓಣಿಯ ಹೆಂಗಸರು ಒಂದೇ ಕಂದೀಲಿನ ಸುತ್ತ ದಿನದಿನವೂ ಕೂತಿದ್ದರು. ಆ ಕೂಟವೇ ಅವರ ಬಲವಾಗಿತ್ತು.

ಕನ್ನಡ ನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. ಆದೋನಿ, ಬಳ್ಳಾರಿ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಒಪ್ಪಿಸಿ ಬಸವಿ ಬಿಡುವ ಪದ್ಧತಿಯ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬರೆದಿಟ್ಟರು. ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿದವು. ಕಾಯ್ದೆ ಕಾಗದದ ಮೇಲಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಅದನ್ನು ಮನೆಬಾಗಿಲಿಗೆ ಒಯ್ದವರಲ್ಲಿ ಮುಂಚೂಣಿಯಲ್ಲಿದ್ದವರು ಏಳರ ವಯಸ್ಸಿಗೆ ಎಲ್ಲಮ್ಮನಿಗೆ ಸಮರ್ಪಿತರಾಗಿದ್ದ ಸೀತವ್ವ ಜೋಡಟ್ಟಿ. ಅವರು ಮತ್ತು ಅವರಂಥ ಹೆಂಗಸರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ನಡೆಸಿದರು. ಜಾತ್ರೆಯಲ್ಲಿ ಮುತ್ತು ಕಟ್ಟುವುದನ್ನು ತಡೆದರು, ಸಾಲ ಕೊಡಿಸಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಸೀತವ್ವನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದರ ಹಿಂದೆ ದಶಕಗಳ ನಡಿಗೆ ಇತ್ತು. ಆರು ತಿಂಗಳ ಪ್ರಮಾಣಪತ್ರ ಇದರ ಹತ್ತಿರಕ್ಕೂ ಬರುವುದಿಲ್ಲ.

ಇಂಥ ನಡಿಗೆಗೆ ಒಮ್ಮೆ ಸರ್ಕಾರವೇ ಹಣ ಕೊಟ್ಟಿತ್ತು. 1986ರ ಶಿಕ್ಷಣ ನೀತಿಯ ಹಿಂದೆಯೇ ಬಂದ ಮಹಿಳಾ ಸಮಖ್ಯಾ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲ ಸುತ್ತಿನಲ್ಲೇ, ಆಂಧ್ರದಲ್ಲಿ ತೊಂಬತ್ತರ ದಶಕದಲ್ಲಿ ಕೆಲಸ ಮಾಡಿತು. ಹಳ್ಳಿಯಲ್ಲಿ ಸಂಘ, ಸಂಘದ ಮನೆ, ಊರೂರು ತಿರುಗುವ ಸಹಯೋಗಿನಿ. ಬಡ, ದಲಿತ ಹೆಂಗಸರು ಪಂಚಾಯತಿಯ ಮೆಟ್ಟಿಲು ಹತ್ತಿದ್ದು, ಪೊಲೀಸ್ ಠಾಣೆಯಲ್ಲಿ ಕೂತು ಮಾತಾಡಿದ್ದು ಆ ಸಂಘಗಳ ಬಲದಿಂದ. 2016ರ ಹೊತ್ತಿಗೆ ಕೇಂದ್ರದ ಹಣ ನಿಂತಿತು. ಆ ಜಾಗ ಖಾಲಿಯಾಯಿತು.

ಆ ಖಾಲಿ ಜಾಗಕ್ಕೆ ಆನ್‌ಲೈನ್ ಫೆಲೋಶಿಪ್ ಬಂದು ಕೂತದ್ದು ಏಕೆ ಎಂಬುದಕ್ಕೂ ಕಾರಣಗಳಿವೆ. 2020ರ ಲಾಕ್‌ಡೌನ್ ಎಲ್ಲರಿಗೂ ಝೂಮ್ ರೂಢಿ ಮಾಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ, ಆಡಳಿತ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರುವಂತಿಲ್ಲ. ಅಲ್ಲಿಯವರೆಗೆ ದೊಡ್ಡ ನಗರದ ಸಂಸ್ಥೆಯಿಂದ ಆದೋನಿಯಂಥ ಊರಿನ ಸಣ್ಣ ಗುಂಪಿಗೆ ಹರಿಯಬಹುದಾಗಿದ್ದ ಹಣದ ದಾರಿ ಮುಚ್ಚಿತು. ಹಣ ನಗರದಲ್ಲೇ ಉಳಿಯಬೇಕಾದಾಗ ನಗರದಿಂದಲೇ ನಡೆಸಬಹುದಾದ ಕಾರ್ಯಕ್ರಮ ಬೇಕಾಯಿತು. ಇದು ಕಾನೂನು ತಂದ ಕಷ್ಟ, ಸಂಸ್ಥೆಗಳ ತಪ್ಪಲ್ಲ. ಅವುಗಳ ತಪ್ಪು ಕಷ್ಟಕಾಲದ ಉಪಾಯವನ್ನೇ ಹೊಸ ಯುಗದ ಸಾಧನೆ ಎಂದು ಸಾರಿದ್ದರಲ್ಲಿದೆ. ದೇಣಿಗೆ ಕೊಡುವವರಿಗೆ ‘ಇಷ್ಟು ನಾಯಕರನ್ನು ತಯಾರಿಸಿದೆವು’ ಎಂಬ ಸಂಖ್ಯೆ ಸಿಗುತ್ತದೆ. ಎಷ್ಟು ಮದುವೆ ನಿಂತವು, ಎಷ್ಟು ಹುಡುಗಿಯರು ಮರಳಿ ಶಾಲೆಗೆ ಬಂದರು ಎಂಬ ಲೆಕ್ಕ ಯಾರೂ ಕೇಳುವುದಿಲ್ಲ.

ಎಮ್ಮಿಗನೂರಿಗೆ ಸಂಸ್ಥೆ ಕಟ್ಟುವುದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೂಲು ಕೊಡುವುದು, ಬಟ್ಟೆ ಕೊಳ್ಳುವುದು ಎರಡೂ ಸಾಹುಕಾರನ ಕೈಯಲ್ಲಿದ್ದ ಕಾಲದಲ್ಲಿ ಅದು ಮಗ್ಗದ ಮನೆಗಳಿಗೆ ಆಸರೆಯಾಯಿತು. ಒಬ್ಬ ನೇಕಾರನನ್ನು ಆರಿಸಿ ಭಾಷಣ ಕಲಿಸಿದ್ದರೆ ಆ ಆಸರೆ ಹುಟ್ಟುತ್ತಿರಲಿಲ್ಲ. ಆದರೆ ಮಗ್ಗದ ಪಕ್ಕದಲ್ಲಿ ಕೂತು ರಾಟೆಯಲ್ಲಿ ಕಂಡಿಕೆ ಸುತ್ತುವ, ಹಾಸು ಹೂಡುವ ಹೆಂಗಸಿನ ದುಡಿಮೆಗೆ ನೇಕಾರರ ಮನೆಗಳಲ್ಲಿ ಬೇರೆ ಕೂಲಿಯ ಲೆಕ್ಕವಿಲ್ಲ; ಸೀರೆ ಮುಗಿದಾಗ ಬರುವ ಕೂಲಿ ಮನೆಯ ಯಜಮಾನನ ಕೈಗೆ. ಲಿಂಗ ನ್ಯಾಯದ ಕೆಲಸ ಎಮ್ಮಿಗನೂರಿನಲ್ಲಿ ಶುರುವಾಗಬೇಕಾದದ್ದು ಆ ರಾಟೆಯ ಮುಂದೆ.

ಹಾಗಾದರೆ ಏನು ಮಾಡಬೇಕು? ಫೆಲೋಶಿಪ್ಪಿನ ಹಣವನ್ನು ಊರಿಗೆ ತನ್ನಿ. ಆದೋನಿ, ಎಮ್ಮಿಗನೂರು, ಆಲೂರು, ಮಂತ್ರಾಲಯದ ಹಳ್ಳಿಗಳಿಂದಲೇ, ಅಲ್ಲಿನ ಹುಡುಗಿಯರೇ ಸೂಚಿಸಿದವರನ್ನು ಆರಿಸಿ. ಆರು ತಿಂಗಳು ಬೇಡ, ಕನಿಷ್ಠ ಮೂರು ವರ್ಷ, ಮನೆ ನಡೆಯುವಷ್ಟು ತಿಂಗಳ ಸಂಬಳ ಕೊಡಿ. ಸಂಬಳ ತರುವ ಮಗಳ ಮದುವೆಗೆ ಮನೆಯವರು ಅವಸರ ಮಾಡುವುದಿಲ್ಲ, ಇದಕ್ಕೆ ಸಮೀಕ್ಷೆ ಬೇಕಿಲ್ಲ. ಕಲಿಕೆ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರತಿ ಹೆಂಗಸಿಗೂ ಪ್ರತಿ ಮಗುವಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಟ್ಟಿದೆ. ಆ ಹಕ್ಕನ್ನು ಹಳ್ಳಿಯಲ್ಲಿ ನಡೆಸಿಕೊಡುವ ಅರೆಕಾನೂನು ಸ್ವಯಂಸೇವಕರ ವ್ಯವಸ್ಥೆಯೂ ಇದೆ. ಈ ಯುವಜನರನ್ನು ಅದಕ್ಕೆ ಜೋಡಿಸಿ. ತೊಂದರೆಯಲ್ಲಿರುವ ಹೆಂಗಸರಿಗಾಗಿ ಜಿಲ್ಲೆಗೊಂದರಂತೆ ಬಂದ ಸಖಿ ಕೇಂದ್ರ ಇರುವುದು ಜಿಲ್ಲಾ ಕೇಂದ್ರ ಕರ್ನೂಲಿನಲ್ಲಿ. ಆದೋನಿಯಿಂದ ಅದು ನೂರು ಕಿಲೋಮೀಟರಿನ ಆಸುಪಾಸು. ರಾತ್ರಿ ಮನೆ ಬಿಟ್ಟು ಓಡಿಬಂದ ಹುಡುಗಿಗೆ ಅಷ್ಟು ದೂರ ಯಾರು ದಾರಿ ತೋರಿಸುತ್ತಾರೆ? ಆದೋನಿಯಲ್ಲೊಂದು, ಎಮ್ಮಿಗನೂರಿನಲ್ಲೊಂದು ರಾತ್ರಿ ತಂಗುವ ಮನೆ ತೆರೆಯಲು ಹಣ ಕೊಡಿ. ಝೂಮ್ ಇರಲಿ, ದೂರದ ವಕೀಲರೊಬ್ಬರು ಒಂದು ಸಂಜೆ ಅನುಮಾನ ಪರಿಹರಿಸಲು. ಅದು ಉಪಕರಣವಾಗಿ ಇರಲಿ, ಊರಿನ ಜಾಗಕ್ಕೆ ಬರುವುದು ಬೇಡ.

ಇಂಥ ಫೆಲೋಶಿಪ್ ನಡೆಸುವವರಲ್ಲಿ ಒಂದು ವಿನಂತಿ. ಮುಂದಿನ ವರ್ಷದ ಅರ್ಜಿ ನಮೂನೆ ಸಿದ್ಧಪಡಿಸುವ ಮೊದಲು ಜನವರಿಯಲ್ಲಿ ಒಮ್ಮೆ ಎಮ್ಮಿಗನೂರಿಗೆ ಬನ್ನಿ. ನೀಲಕಂಠೇಶ್ವರನ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನ ಬಂದಿರುತ್ತಾರೆ. ಜಾತ್ರೆ ನೋಡಿಕೊಂಡು ಕೋಸಿಗಿಗೆ ಹೋಗಿ, ಗುಂಟೂರಿನ ಕಡೆ ಹೊರಟ ಗಾಡಿಗಳ ಹತ್ತಿರ ನಿಲ್ಲಿ. ಗಂಟುಮೂಟೆಯ ಮೇಲೆ ಕೂತ ಹದಿನೈದರ ಹುಡುಗಿಯೊಬ್ಬಳನ್ನು, ಅವಳ ಅವ್ವನ ಎದುರಿಗೇ, ನಿನಗೆ ಏನು ಬೇಕವ್ವಾ ಎಂದು ಕನ್ನಡದಲ್ಲಿ ಕೇಳಿ. ಅವಳು ಹೇಳಿದ್ದನ್ನು ಬರೆದುಕೊಂಡು ಹೋಗಿ, ಆ ನಮೂನೆಯ ಮೊದಲ ಪುಟದಲ್ಲಿ ಹಾಕಿ.